ಒತ್ತುವ ಮುನ್ನ ಓದಿ!

(ನಗರದ ಕನ್ನಡ ಯುವಕ ಸಂಘವೊಂದರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ವೇದಿಕೆ ಹತ್ತಿ ಮಾತಾಡುವುದು ನನ್ನ ಕಸುಬಲ್ಲ. ನನ್ನ ಓದು ಪಿಯುಸಿಗೆ ಮುಗಿಯಿತು. ಆಮೇಲೆ ಓದಿದ್ದೆಲ್ಲ ಪ್ರೂಫು! ನಮ್ಮಪ್ಪ ಮೊಳೆ ಜೋಡಿಸಿ ಅಚ್ಚು ಹಾಕಿದವರು, ನಾನು ಆಫ್‌ಸೆಟ್ ಕಾಲದವನು. ಇವತ್ತು ನೀವು ಕೊಟ್ಟಿರುವ ವಿಷಯ ಮೊಬೈಲಿನೊಳಗಿನ ಬ್ಯಾಂಕ್ ಖಾತೆಯನ್ನು ಕಾಪಾಡಿಕೊಳ್ಳುವುದು ಹೇಗೆ ಅಂತ. ನಾನು ಕಂಪ್ಯೂಟರ್ ಪಂಡಿತನಲ್ಲ. ಆದರೆ ಅಚ್ಚಿನ ಮನೆಯವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕರಡು ಓದದೆ ಮೆಷಿನ್ ಚಾಲೂ ಮಾಡುವ ಹಾಗಿಲ್ಲ. ಒಮ್ಮೆ ಚಾಲೂ ಆದರೆ ಸಾವಿರ ಪ್ರತಿ ಹೊರಗೆ ಬಂದುಬಿಡುತ್ತದೆ. ಆಮೇಲೆ ತಲೆ ಚಚ್ಚಿಕೊಂಡರೂ ಕಾಗದ ಬಿಳಿಯಾಗುವುದಿಲ್ಲ.

ನಿಮ್ಮ ಕೈಯಲ್ಲಿರುವ ಮೊಬೈಲೂ ಅಂಥದೇ ಮೆಷಿನ್. ಒತ್ತುವುದು ಒಂದು ಕ್ಷಣ, ಹೋಗುವುದು ಅಪ್ಪನ ಜೀವಮಾನದ ಉಳಿತಾಯ. ಹಾಗಾಗಿ ನನ್ನ ಇಡೀ ಭಾಷಣ ಮೂರೇ ಪದ: ಒತ್ತುವ ಮುನ್ನ ಓದಿ. ಉಳಿದದ್ದೆಲ್ಲ ಅದರ ವಿವರಣೆ.

ಕಳ್ಳ ಬೀಗ ಒಡೆಯುವುದಿಲ್ಲ

ಆನ್‌ಲೈನ್ ಕಳ್ಳ ಎಂದರೆ ಬ್ಯಾಂಕಿನ ದೊಡ್ಡ ಕಂಪ್ಯೂಟರಿಗೆ ಕನ್ನ ಹಾಕುವ ಮಹಾ ಬುದ್ಧಿವಂತ ಎಂದು ಬಹಳ ಜನ ತಿಳಿದಿದ್ದಾರೆ. ಅಷ್ಟು ಕಷ್ಟ ಅವನಿಗ್ಯಾಕೆ? ಬೀಗದ ಕೈ ನಿಮ್ಮ ಹತ್ತಿರ ಇದೆ. ನಿಮ್ಮ ಕೈಯಿಂದಲೇ ಬಾಗಿಲು ತೆಗೆಸಿದರೆ ಸಾಕಲ್ಲ! ಪೊಲೀಸ್ ಠಾಣೆಗೆ ಬರುವ ಕಥೆಗಳನ್ನು ಪೇಪರಿನಲ್ಲಿ ಓದಿ ನೋಡಿ. ಮತ್ತೆ ಮತ್ತೆ ಅದೇ: ಲಿಂಕ್ ಒತ್ತಿದರು, ಒಟಿಪಿ ಹೇಳಿದರು, ಪಿನ್ ಹಾಕಿದರು.

ಯುಪಿಐ ಬಂದದ್ದು 2016ರಲ್ಲಿ. ಇವತ್ತು ಎಳನೀರು ಮಾರುವವನ ಗಾಡಿಯ ಮೇಲೂ ಕ್ಯೂಆರ್ ಚೀಟಿ ಇದೆ. ಆದರೂ ಒಂದು ಮಾತು ಇನ್ನೂ ಜನರ ತಲೆಗೆ ಹೋಗಿಲ್ಲ. ಯುಪಿಐ ಪಿನ್ ಇರುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಡವೇ ಬೇಡ. ಹಳೇ ಸೋಫಾ ಮಾರುತ್ತೇನೆಂದು ನೀವು ಜಾಹೀರಾತು ಹಾಕುತ್ತೀರಿ. "ಸಾರ್, ಅಡ್ವಾನ್ಸ್ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಒಬ್ಬ ಹೇಳುತ್ತಾನೆ. ಅವನು ಕೊಡಬೇಕಾದ ದುಡ್ಡಿಗೆ ನಿಮ್ಮ ಪಿನ್ ಯಾಕೆ? ಅಂಗಡಿಗೆ ಬಂದ ಗಿರಾಕಿ ದುಡ್ಡು ಕೊಡುವಾಗ ನಿಮ್ಮ ಜೇಬಿನ ಪರ್ಸ್ ಕೇಳುತ್ತಾನೆಯೇ? ಈ ಒಂದು ವಾಕ್ಯವನ್ನು ಇವತ್ತು ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಹೇಳಿ: ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ.

ಅಕ್ಷರ ನೋಡಿ, ಅರ್ಥ ಆಮೇಲೆ

ಪ್ರೂಫ್ ನೋಡುವವನು ಅರ್ಥ ಹಿಡಿದುಕೊಂಡು ಓದಿದರೆ ತಪ್ಪು ಕಾಣುವುದಿಲ್ಲ. ಮನಸ್ಸು ತಾನೇ ಸರಿ ಮಾಡಿಕೊಂಡು ಮುಂದೆ ಓಡುತ್ತದೆ. ಅದಕ್ಕೇ ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ನೋಡಬೇಕು. ಕನ್ನಡದಲ್ಲಿ ಘ ಮತ್ತು ಫ, ಪ ಮತ್ತು ಷ ಹೇಗೆ ಕಣ್ಣು ತಪ್ಪಿಸುತ್ತವೆಯೋ, ಇಂಗ್ಲಿಷಿನಲ್ಲೂ ಹಾಗೆಯೇ. ಚಿಕ್ಕ ಎಲ್, ದೊಡ್ಡ ಐ, ಅಂಕಿ ಒಂದು, ಮೂರೂ ಒಂದೊಂದು ಕಡ್ಡಿ. ಆರ್ ಪಕ್ಕಕ್ಕೆ ಎನ್ ಒತ್ತಿ ಕೂತರೆ ಎಮ್ ಆಗಿ ಕಾಣುತ್ತದೆ. ಕಳ್ಳ ಬದುಕುವುದೇ ಈ ಸಂದಿಯಲ್ಲಿ.

"ನಿಮ್ಮ ಖಾತೆ ಇಂದು ರಾತ್ರಿ ಬಂದ್ ಆಗಲಿದೆ, ಕೆವೈಸಿ ಮಾಡಿ" ಎಂಬ ಸಂದೇಶ, ಕೆಳಗೊಂದು ಲಿಂಕ್. ಅದರಲ್ಲಿ ಬ್ಯಾಂಕಿನ ಹೆಸರು ಇದೆಯಲ್ಲ ಎಂದು ನಂಬಬೇಡಿ. ಲಕೋಟೆಯ ಮೇಲೆ ಮೊದಲ ಸಾಲಿನಲ್ಲಿ 'ವಿಧಾನಸೌಧ' ಎಂದು ಬರೆದು, ಕೊನೆಯ ಸಾಲಿನಲ್ಲಿ ಬೇರೆ ಊರಿನ ಹೆಸರು ಬರೆದರೆ ಟಪಾಲು ಎಲ್ಲಿಗೆ ಹೋಗುತ್ತದೆ? ಆ ಊರಿಗೇ! ವೆಬ್ ವಿಳಾಸವೂ ಹಾಗೆ. ಮೊದಲ ಒಂಟಿ ಓರೆಗೆರೆ ಬರುವವರೆಗೆ ಓದಿ, ಅಲ್ಲಿ ನಿಂತು ಹಿಂದಕ್ಕೆ ನೋಡಿ. ಗೆರೆಗೆ ಅಂಟಿಕೊಂಡಿರುವ ಕೊನೆಯ ಭಾಗವೇ ಅದರ ನಿಜವಾದ ಊರು. ಎಡಗಡೆ ಏನನ್ನು ಬೇಕಾದರೂ ಬರೆಯಬಹುದು.

ಈಗ ಒಂದು ಅನುಕೂಲವಾಗಿದೆ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೂ ತಮ್ಮ ವಿಳಾಸವನ್ನು 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಿಸಿಕೊಳ್ಳಲು ಆದೇಶಿಸಿತು. ಅಕ್ಟೋಬರ್ 31 ಗಡುವು ಕೊಟ್ಟಿತು. ಈ ಕೊನೆ ಸಿಗುವುದು ಬ್ಯಾಂಕುಗಳಿಗೆ ಮಾತ್ರ. ಅದೇ ವರ್ಷ ಜನವರಿಯಲ್ಲಿ ಇನ್ನೊಂದು ಸೂಚನೆ ಬಂತು. ಖಾತೆಯ ವ್ಯವಹಾರದ ಬಗ್ಗೆ ಬ್ಯಾಂಕಿನವರು ಕರೆ ಮಾಡುವುದಾದರೆ 1600ರಿಂದ ಶುರುವಾಗುವ ಸಂಖ್ಯೆಯಿಂದ ಮಾಡಬೇಕು, ಸಾಲ ಬೇಕೇ ಕಾರ್ಡ್ ಬೇಕೇ ಎಂಬ ಪ್ರಚಾರದ ಕರೆಗೆ 140ರ ಸಂಖ್ಯೆ ಎಂದು. ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ "ಹೆಡ್ ಆಫೀಸಿನಿಂದ ಮಾತಾಡ್ತಿದ್ದೀನಿ" ಎಂದರೆ ನಮಸ್ಕಾರ ಹೇಳಿ ಇಟ್ಟುಬಿಡಿ. ಸಂಖ್ಯೆ ಸರಿಯಾಗಿ ಕಂಡರೂ ಒಟಿಪಿ, ಪಿನ್, ಸಿವಿವಿ ಹೇಳಕೂಡದು. ಅದನ್ನು ಕೇಳುವ ಹಕ್ಕು ಬ್ಯಾಂಕಿನ ಮ್ಯಾನೇಜರಿಗೂ ಇಲ್ಲ.

ಬ್ಯಾಂಕಿನ ಫೋನ್ ನಂಬರು ಬೇಕಾದರೆ ಗೂಗಲ್ಲಿನಲ್ಲಿ ಹುಡುಕಬೇಡಿ. ಖದೀಮರು ಅಲ್ಲೂ ಸುಳ್ಳು ನಂಬರು ನೆಟ್ಟು ಕಾದು ಕೂತಿರುತ್ತಾರೆ. ಕಾರ್ಡಿನ ಬೆನ್ನ ಮೇಲೆ ಅಚ್ಚಾಗಿರುವ ನಂಬರು ನೋಡಿ. ಅಚ್ಚಿಗೆ ಇನ್ನೂ ಇಷ್ಟಾದರೂ ಬೆಲೆಯಿದೆ!

ಮದುವೆ ಕರೆಯೋಲೆಯ ಮೋಸ

ಲಗ್ನಪತ್ರಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು, ಅದಕ್ಕೇ ಈ ಸುದ್ದಿ ನನಗೆ ಬಹಳ ನಾಟಿತು. 2024ರ ನವೆಂಬರ್‌ನಲ್ಲಿ, ಮದುವೆ ಕಾಲದಲ್ಲಿ, ಹಿಮಾಚಲ ಪ್ರದೇಶದ ಪೊಲೀಸರು ಒಂದು ಎಚ್ಚರಿಕೆ ಕೊಟ್ಟರು. ವಾಟ್ಸಪ್ಪಿನಲ್ಲಿ ಮದುವೆ ಕರೆಯೋಲೆ ಎಂದು ಒಂದು ಫೈಲ್ ಬರುತ್ತದೆ. ಯಾರದೋ ಮದುವೆ ಇರಬೇಕು ಎಂದು ಒತ್ತಿದರೆ ಅದು ಕರೆಯೋಲೆಯಲ್ಲ, ಎಪಿಕೆ ಫೈಲ್. ಅಂದರೆ ಮೊಬೈಲಿನೊಳಗೆ ಒಂದು ಆಪ್ ಹೊಕ್ಕು ಕೂರುತ್ತದೆ. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ನಾವು ಓದದೆ 'ಅಲೋ' ಒತ್ತುತ್ತೇವೆ. ಆಮೇಲೆ ನಿಮಗೆ ಬರುವ ಒಟಿಪಿಯನ್ನು ನಿಮಗಿಂತ ಮೊದಲು ಅವನು ಓದುತ್ತಾನೆ. ನೀವು ಯಾರಿಗೂ ಒಟಿಪಿ ಹೇಳಿಲ್ಲ, ಆದರೂ ಖಾತೆ ಖಾಲಿ!

ಟ್ರಾಫಿಕ್ ದಂಡದ ಚಲನ್ ಎಂದೂ, ಸರ್ಕಾರಿ ಯೋಜನೆಯ ಅರ್ಜಿ ಎಂದೂ ಇದೇ ವೇಷದಲ್ಲಿ ಬರುತ್ತದೆ. ಇಪ್ಪತ್ತು ವರ್ಷ ಪತ್ರಿಕೆ ಅಚ್ಚು ಹಾಕಿದ ಅನುಭವದಿಂದ ಹೇಳುತ್ತೇನೆ, ಕೇಳಿ. ಕರೆಯೋಲೆ ಎಂದರೆ ಚಿತ್ರ, ಇಲ್ಲವೇ ಪಿಡಿಎಫ್, ಇಲ್ಲವೇ ವಿಡಿಯೋ. ಫೈಲಿನ ಹೆಸರಿನ ಬಾಲದಲ್ಲಿ ಎಪಿಕೆ ಎಂದಿದ್ದರೆ ಆ ಮದುವೆಗೆ ಹೋಗಬೇಡಿ, ಊಟ ನಿಮ್ಮದೇ ದುಡ್ಡಿನದು!

ಕನ್ನಡ ಮಾತಾಡಿದ ಮಾತ್ರಕ್ಕೆ ನಮ್ಮವನಲ್ಲ

ಈ ಪತ್ರಿಕೆ ಓದುವ ನಿಮಗೆ ಈ ಮಾತು ಕಹಿಯೆನಿಸಬಹುದು, ಆದರೂ ಹೇಳಬೇಕು. ಫೋನಿನಲ್ಲಿ ಅಪರಿಚಿತನೊಬ್ಬ ಅಚ್ಚ ಕನ್ನಡದಲ್ಲಿ "ಹೇಗಿದ್ದೀರಾ ಸಾರ್" ಎಂದರೆ ನಮ್ಮ ಮನಸ್ಸು ಅರ್ಧ ಕರಗುತ್ತದೆ. ಅದು ಅವನಿಗೂ ಗೊತ್ತು. ಕಳ್ಳನಿಗೆ ಭಾಷಾಭಿಮಾನ ಇಲ್ಲ, ಬೇಕಾದ ಭಾಷೆ ಆಡುತ್ತಾನೆ. ಕನ್ನಡದ ಮೇಲೆ ಪ್ರೀತಿ ಇರಲಿ, ಒಟಿಪಿ ಕೊಡುವಷ್ಟು ಬೇಡ.

'ಡಿಜಿಟಲ್ ಅರೆಸ್ಟ್' ಎಂಬ ದೊಡ್ಡ ನಾಟಕದ ಬಗ್ಗೆ ಕೇಳಿದ್ದೀರಿ. ಖಾಕಿ ತೊಟ್ಟವನೊಬ್ಬ ವಿಡಿಯೋ ಕರೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಫೋನ್ ಇಟ್ಟರೆ ಬಂಧನ ಎನ್ನುತ್ತಾನೆ. ಓದಿದವರು, ನಿವೃತ್ತ ಅಧಿಕಾರಿಗಳು, ಐಟಿ ಕಂಪನಿಯವರೇ ಇದರಲ್ಲಿ ಹಣ ಕಳೆದುಕೊಂಡಿದ್ದಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರೇ 'ಮನ್ ಕೀ ಬಾತ್'ನಲ್ಲಿ ಇಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ ಎಂದು ಹೇಳಬೇಕಾಯಿತು. ಫೋನಿನ ಮೇಲೆ ಯಾರನ್ನೂ ಬಂಧಿಸಲು ಆಗುವುದಿಲ್ಲ. 'ಯಾರಿಗೂ ಹೇಳಬೇಡಿ' ಎಂದವನು ಪೊಲೀಸನಲ್ಲ. ಅವನು ಹಾಗೆ ಹೇಳಿದ ಕೂಡಲೇ ನೀವು ಮಾಡಬೇಕಾದ ಮೊದಲ ಕೆಲಸ ಯಾರಿಗಾದರೂ ಹೇಳುವುದು. ಹೆಂಡತಿಗೆ ಹೇಳಿ, ಪಕ್ಕದ ಮನೆಯವರಿಗೆ ಹೇಳಿ, ಬೀದಿ ಮೂಲೆಯ ಠಾಣೆಗೆ ನಡೆದು ಹೋಗಿ ಹೇಳಿ.

ಹೆಬ್ಬೆಟ್ಟೂ ಕಳುವಾಗುತ್ತದೆ

ನಮ್ಮ ಪ್ರೆಸ್ಸಿನಲ್ಲಿ ಜೆರಾಕ್ಸ್, ಲ್ಯಾಮಿನೇಶನ್ ಕೆಲಸವೂ ಇದೆ. ಜನ ಆಧಾರ್ ಕಾರ್ಡನ್ನು ವಾಟ್ಸಪ್ಪಿನಲ್ಲಿ ಕಳಿಸಿ "ಒಂದು ಪ್ರಿಂಟ್ ಹಾಕಿ ಅಣ್ಣ" ಎನ್ನುತ್ತಾರೆ. ಪ್ರಿಂಟ್ ತಗೊಂಡು ಹೋಗುತ್ತಾರೆ, ಫೈಲ್ ಅಲ್ಲೇ ಬಿಡುತ್ತಾರೆ. ಮಸುಕಾದ ಪ್ರತಿಯನ್ನು ಕಸದ ಡಬ್ಬಿಗೆ ಎಸೆದು ನಡೆಯುತ್ತಾರೆ. ಅದನ್ನು ಹರಿದು ಚೂರು ಮಾಡುವುದು, ಸಂಜೆಗೆ ಫೈಲ್ ಅಳಿಸುವುದು ನಮ್ಮ ಹುಡುಗರ ದಿನದ ಕೆಲಸ. ಆದರೆ ಎಲ್ಲ ಅಂಗಡಿಯಲ್ಲೂ ಇದು ನಡೆಯುತ್ತದೆ ಎಂದು ನೀವು ಯಾಕೆ ನಂಬಬೇಕು? "ಅಳಿಸಿ ಅಣ್ಣ" ಎಂದು ನಿಂತು ಕೇಳಿ. ಕೇಳುವುದು ಅವಮಾನವಲ್ಲ.

2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ನಡೆದದ್ದು ನೆನಪಿರಲಿ. ಮನೆ, ಜಮೀನು ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾಯಿತು. ಒಟಿಪಿ ಇಲ್ಲ, ಪಿನ್ ಇಲ್ಲ, ಲಿಂಕ್ ಒತ್ತಿದ್ದೂ ಇಲ್ಲ! ತನಿಖೆಯಲ್ಲಿ ಹೊರಬಂದದ್ದು ಇದು: ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ಕದ್ದು, ಬೆರಳಚ್ಚಿನ ನಕಲಿ ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ಯಂತ್ರದಲ್ಲಿ ಒತ್ತಿದ್ದರು. ಹಳ್ಳಿಯ ವೃದ್ಧರು ಬ್ಯಾಂಕಿಗೆ ಅಲೆಯದೆ ಪಿಂಚಣಿ ತೆಗೆಯಲಿ ಎಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಅದಕ್ಕೆ ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ ಸ್ವಾಮಿ?

ಬದಲಿಸಲಾಗದ್ದಕ್ಕೆ ಬೀಗ ಹಾಕಬಹುದು. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೋ ಆಪ್‌ನಲ್ಲೋ 'ಬಯೋಮೆಟ್ರಿಕ್ ಲಾಕ್' ಇದೆ. ಬೀಗ ಹಾಕಿಟ್ಟರೆ ನಕಲಿ ಬೆರಳು ಕೆಲಸ ಮಾಡುವುದಿಲ್ಲ. ರೇಷನ್ನಿಗೋ ಸಿಮ್‌ಗೋ ಬೆರಳು ಒತ್ತಬೇಕಾದ ದಿನ ತೆಗೆದು ಮತ್ತೆ ಹಾಕಬಹುದು. ಹಾಗೆಯೇ ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಅಂಕಿ ಮಾತ್ರ ತೋರಿಸುವ 'ಮಾಸ್ಕ್ಡ್ ಆಧಾರ್' ಅಲ್ಲೇ ಸಿಗುತ್ತದೆ. ಲಾಡ್ಜಿನಲ್ಲಿ, ಪಿಜಿಯಲ್ಲಿ ಗುರುತಿಗೆ ಆಧಾರ್ ಕೇಳಿದರೆ ಅದನ್ನೇ ಮುಂದಿಡಿ.

ಗಲ್ಲಾಪೆಟ್ಟಿಗೆ ಬೇರೆ, ಬೀರು ಬೇರೆ

ಯಾವ ಅಂಗಡಿಯವನೂ ಮನೆಯ ಉಳಿತಾಯವನ್ನೆಲ್ಲ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ನಾವು ಮಾತ್ರ ಸಂಬಳದ ಖಾತೆ, ಉಳಿತಾಯದ ಖಾತೆ, ಕಾಫಿಗೆ ದುಡ್ಡು ಕೊಡುವ ಖಾತೆ ಎಲ್ಲವನ್ನೂ ಒಂದೇ ಮಾಡಿ ಯುಪಿಐಗೆ ಕಟ್ಟಿದ್ದೇವೆ. ಎರಡು ಖಾತೆ ಇಡಿ. ಒಂದು ಚಿಲ್ಲರೆ ಖರ್ಚಿಗೆ, ಅದಕ್ಕೆ ಮಾತ್ರ ಯುಪಿಐ, ಅದರಲ್ಲಿ ನಾಲ್ಕು ಕಾಸು. ಇನ್ನೊಂದು ಬೀರು, ಅದಕ್ಕೆ ಯುಪಿಐ ಬೇಡ.

ಕಾರ್ಡಿಗೂ ಕಡಿವಾಣ ಇದೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆನ್‌ಲೈನ್ ಬಳಕೆ, ವಿದೇಶದ ಬಳಕೆ ಇವನ್ನೆಲ್ಲ ನೀವೇ ಬಂದ್ ಮಾಡಬಹುದು, ನೀವೇ ಮಿತಿ ಹಾಕಬಹುದು. ಬೇಡದ ಬಾಗಿಲನ್ನು ಯಾಕೆ ತೆರೆದಿಡುತ್ತೀರಿ?

ಇನ್ನು ಪಾಸ್‌ವರ್ಡ್. ಹುಟ್ಟಿದ ವರ್ಷ, ಗಾಡಿ ನಂಬರು, ಮಗುವಿನ ಹೆಸರು ಬೇಡ. ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಜೋಡಿಸಿ: ಹುಣಸೆ, ಸೈಕಲ್, ಮೊರ, ಶ್ರಾವಣ. ಉದ್ದವಾಯಿತು, ನೆನಪಲ್ಲೂ ನಿಲ್ಲುತ್ತದೆ. ಆದರೆ ಇದೇ ನಾಲ್ಕು ಪದ ಇಟ್ಟುಕೊಳ್ಳಬೇಡಿ, ಈ ಭಾಷಣ ಅಚ್ಚಾಗುತ್ತದೆ! ಬ್ಯಾಂಕಿನ ಪಾಸ್‌ವರ್ಡ್ ಇನ್ನೆಲ್ಲೂ ಬೇಡ. ಇಮೇಲ್‌ಗೆ ಎರಡು ಹಂತದ ಬೀಗ ಹಾಕಿ. ಮರೆತ ಪಾಸ್‌ವರ್ಡ್‌ಗಳೆಲ್ಲ ಹೊಸದಾಗಿ ಹುಟ್ಟುವುದು ಅಲ್ಲೇ. ಇಮೇಲ್ ಕೈತಪ್ಪಿದರೆ ಬೀಗದ ಕೈಯ ಗೊಂಚಲೇ ಕೈತಪ್ಪಿದಂತೆ. ಮೊಬೈಲಿಗೆ ಕಾರಣವಿಲ್ಲದೆ ಗಂಟೆಗಟ್ಟಲೆ ಸಿಗ್ನಲ್ ಇಲ್ಲವೆಂದರೆ ಸುಮ್ಮನಿರಬೇಡಿ. ನಿಮ್ಮ ಹೆಸರಿನಲ್ಲಿ ಬೇರೆಯವನು ಡೂಪ್ಲಿಕೇಟ್ ಸಿಮ್ ತೆಗೆದಿರಬಹುದು. ಕೂಡಲೇ ಕಂಪನಿಯನ್ನು ಕೇಳಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು 2023ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ'ಯಲ್ಲಿ ನೋಡಬಹುದು.

ಅಚ್ಚಿನ ಮನೆಯ ಇನ್ನೊಂದು ಪಾಠ ಇದೆ. ಲಗ್ನಪತ್ರಿಕೆಯ ದಿನಾಂಕವನ್ನು ಕಂಪೋಸ್ ಮಾಡಿದವನೇ ನೋಡಿ ಬಿಡುವಂತಿಲ್ಲ, ಎರಡನೆಯ ಜೋಡಿ ಕಣ್ಣು ಬೇಕೇ ಬೇಕು. ಮನೆಯಲ್ಲೂ ಈ ಕಟ್ಟಳೆ ಮಾಡಿ: ಇಂತಿಷ್ಟು ಸಾವಿರಕ್ಕಿಂತ ಹೆಚ್ಚು ಕಳಿಸುವುದಾದರೆ ಇನ್ನೊಬ್ಬರಿಗೆ ತೋರಿಸಿಯೇ ಕಳಿಸುವುದು. ಅಪ್ಪ ನಿಮಗೆ ತೋರಿಸಲಿ, ನೀವು ಅಪ್ಪನಿಗೆ ತೋರಿಸಿ.

ಖಾತೆ ಬಾಡಿಗೆಗೆ ಇಲ್ಲ!

ಇದು ನಿಮಗೇ ನೇರವಾಗಿ ಹೇಳುವ ಮಾತು. ಕೆಲಸ ಹುಡುಕುತ್ತಿರುವ ಹುಡುಗರ ಹತ್ತಿರ ಒಬ್ಬ ಬರುತ್ತಾನೆ. "ನಿನ್ನ ಹೆಸರಿನಲ್ಲಿ ಖಾತೆ ತೆಗೆದು ಎಟಿಎಂ ಕಾರ್ಡ್, ಸಿಮ್ ಕೊಡು, ಕಮಿಷನ್ ಕೊಡ್ತೀನಿ, ಏನೂ ಆಗಲ್ಲ" ಅನ್ನುತ್ತಾನೆ. ಎಲ್ಲೋ ಒಬ್ಬ ಮುದುಕಿಯಿಂದ ಕಿತ್ತ ಹಣ ಬಂದು ಬೀಳುವುದು ಇಂಥ ಖಾತೆಗೇ. ಅಲ್ಲಿಂದ ಹತ್ತು ಖಾತೆಗೆ ಹಂಚಿ ಹೋಗುತ್ತದೆ. ಕಳ್ಳನ ಹೆಸರು ಎಲ್ಲೂ ಇಲ್ಲ, ದಾಖಲೆಯಲ್ಲಿರುವುದು ನಿಮ್ಮ ಹೆಸರು, ನಿಮ್ಮ ಫೋಟೋ, ನಿಮ್ಮ ಮನೆ ವಿಳಾಸ. ಪೊಲೀಸರು ಬಂದು ಬಾಗಿಲು ತಟ್ಟುವುದು ನಿಮ್ಮ ಮನೆಯದನ್ನೇ. ಖಾತೆ ಸ್ತಂಭನ, ಕೇಸು, ಕೋರ್ಟು, ಕೆಲಸಕ್ಕೆ ಸೇರುವಾಗ ಪೊಲೀಸ್ ಪರಿಶೀಲನೆಯಲ್ಲಿ ಕಪ್ಪು ಚುಕ್ಕೆ. ಎರಡು ಮೂರು ಸಾವಿರಕ್ಕೆ ಇಷ್ಟೆಲ್ಲ ಬೇಕೇ? ಗುರುತಿಲ್ಲದವರಿಂದ ದುಡ್ಡು ಬಂದು, "ತಪ್ಪಿ ಬಂತು, ಬೇರೆ ನಂಬರಿಗೆ ಹಾಕು" ಎಂದರೂ ಹಾಕಬೇಡಿ. ಬ್ಯಾಂಕಿಗೆ ತಿಳಿಸಿ, ಬ್ಯಾಂಕೇ ಹಿಂದಿರುಗಿಸಲಿ.

ಹೋದ ದುಡ್ಡಿಗೆ ಗಡಿಯಾರ ಮುಖ್ಯ

ಇಷ್ಟೆಲ್ಲ ಆದಮೇಲೂ ಮೋಸವಾದರೆ? ನಾಚಿಕೆಪಟ್ಟು ಬಾಯಿ ಮುಚ್ಚಿಕೊಂಡು ಕೂರುವುದೇ ಕಳ್ಳನಿಗೆ ದೊಡ್ಡ ಸಹಾಯ. ಕೂಡಲೇ 1930ಕ್ಕೆ ಫೋನ್ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಇರುವ ಸಹಾಯವಾಣಿ ಅದು. ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಕೇಂದ್ರದ ಸೈಬರ್ ಅಪರಾಧ ವೆಬ್‌ಸೈಟಿನಲ್ಲೂ ದೂರು ದಾಖಲಿಸಿ. ಬ್ಯಾಂಕಿಗೆ ಹೇಳಿ ಖಾತೆ ಬಂದ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ನೀವೆಲ್ಲ ತಿಳಿದಿರಬೇಕು. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ಗ್ರಾಹಕನ ಮೇಲೆ ಹೊಣೆಯೇ ಇಲ್ಲ ಎಂದಿತು ಅದು. ನಿಮ್ಮದೂ ತಪ್ಪಿಲ್ಲ, ಬ್ಯಾಂಕಿನದೂ ಇಲ್ಲ, ಮೂರನೆಯವನಿಂದ ಆಯಿತು ಎಂದರೆ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಪೂರ್ತಿ ಹಣ ವಾಪಸ್. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10,000 ರೂಪಾಯಿವರೆಗೆ ಹೊಣೆ. ತಪ್ಪು ಗ್ರಾಹಕನದು ಎಂದು ರುಜುವಾತು ಮಾಡುವ ಭಾರ ಬ್ಯಾಂಕಿನದು. ಆದರೆ ಒಟಿಪಿಯನ್ನೋ ಪಿನ್ನನ್ನೋ ನೀವೇ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ದೂರು ಕೊಟ್ಟ ಮೇಲಿನದು ಬ್ಯಾಂಕಿನದು. ಆದ್ದರಿಂದ ತಡ ಮಾಡಬೇಡಿ. ಶಾಖೆಗೆ ಹೋಗಿ ಈಗ ನಡೆಯುತ್ತಿರುವ ನಿಯಮದ ಪ್ರತಿ ಕೇಳಿ. ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಕಾಸು ಖರ್ಚಿಲ್ಲ.

ಓದಲು ಬರುವ ಭಾಷೆಯಲ್ಲಿ ಎಚ್ಚರಿಕೆ ಕೊಡಿ

ಕೊನೆಗೆ ನಮ್ಮ ಮೂಲ ಮಾತು. ಒತ್ತುವ ಮುನ್ನ ಓದಿ ಎಂದೆ. ಆದರೆ ಏನನ್ನು ಓದುವುದು? "ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ" ಎಂಬ ಎಚ್ಚರಿಕೆ ಬರುವುದು ಬಹುಪಾಲು ಇಂಗ್ಲಿಷಿನಲ್ಲಿ. ಮಾಗಡಿ ರಸ್ತೆಯ ಹೂ ಮಾರುವ ಅಮ್ಮನಿಗೆ ಅದರಲ್ಲಿ ಅರ್ಥವಾಗುವುದು ಅಂಕಿಗಳು ಮಾತ್ರ. ಫೋನ್ ಮಾಡಿದ ಕಳ್ಳ ಕೇಳುವುದೂ ಆ ಅಂಕಿಗಳನ್ನೇ. ಕಳ್ಳ ಕನ್ನಡದಲ್ಲಿ ಮಾತಾಡುತ್ತಾನೆ, ಬ್ಯಾಂಕು ಇಂಗ್ಲಿಷಿನಲ್ಲಿ! ಆ ತಾಯಿ ಯಾರನ್ನು ನಂಬಬೇಕು ಹೇಳಿ? ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಇದು ಭಿಕ್ಷೆ ಬೇಡುವ ವಿಷಯವಲ್ಲ. ಖಾತೆ ತೆರೆಯುವ ಫಾರಂ, ಚಲನ್, ಪಾಸ್‌ಬುಕ್ ಇವೆಲ್ಲ ಇಂಗ್ಲಿಷ್, ಹಿಂದಿಯ ಜೊತೆ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ 2015ರ ಗ್ರಾಹಕ ಸೇವಾ ಸುತ್ತೋಲೆಯಲ್ಲೇ ಇತ್ತು. ಕಾಗದದಲ್ಲಿ ಆಗುವುದು ಮೊಬೈಲಿನಲ್ಲಿ ಯಾಕೆ ಆಗದು? ಭೀಮ್ ಆಪ್‌ನಲ್ಲಿ ಕನ್ನಡ ಇದೆ. ಹಾಗಾದರೆ ಮಾಡಲು ಬರುತ್ತದೆ ಎಂದಾಯಿತು. ನಿಮ್ಮ ಶಾಖೆಗೆ ಹೋಗಿ, ಜಗಳ ಬೇಡ, ಒಂದು ಅರ್ಜಿ ಕನ್ನಡದಲ್ಲಿ ಬರೆದುಕೊಡಿ: "ನನ್ನ ಎಸ್ಸೆಮ್ಮೆಸ್ ಕನ್ನಡದಲ್ಲಿ ಕಳಿಸಿ." ಸ್ವೀಕೃತಿಗೆ ಸೀಲ್ ಹಾಕಿಸಿಕೊಳ್ಳಿ. ಒಬ್ಬ ಕೊಟ್ಟರೆ ಕಾಗದ, ಸಾವಿರ ಜನ ಕೊಟ್ಟರೆ ಒತ್ತಡ.

ಅಲ್ಲಿಯವರೆಗೆ ಆ ಎಚ್ಚರಿಕೆಯನ್ನು ಕನ್ನಡಕ್ಕೆ ತರುವ ಕೆಲಸ ನಿಮ್ಮದು. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಅಪ್ಪ ಅಮ್ಮನ ಮೊಬೈಲ್ ತೆಗೆದುಕೊಂಡು ಪಕ್ಕದಲ್ಲಿ ಕೂರಿ. ಬಂದ ಸಂದೇಶಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿ. ಆಧಾರ್‌ಗೆ ಬೀಗ ಹಾಕಿಕೊಡಿ, 1930 ಸಂಖ್ಯೆಯನ್ನು 'ದುಡ್ಡು ಹೋದರೆ' ಎಂಬ ಹೆಸರಿನಲ್ಲಿ ಸೇವ್ ಮಾಡಿಕೊಡಿ. ಬೀದಿಯ ತರಕಾರಿಯವನಿಗೆ, ಮನೆಗೆಲಸದ ಅಕ್ಕನಿಗೂ ಹೇಳಿಕೊಡಿ. ಇದಕ್ಕೆ ಚೀಟಿ ಬೇಕಾದರೆ ನಮ್ಮ ಪ್ರೆಸ್ಸಿಗೆ ಬನ್ನಿ. ಕಾಗದದ ಖರ್ಚು ನಿಮ್ಮದು, ಅಚ್ಚಿನ ಖರ್ಚು ನನ್ನದು. ಆದರೆ ಪ್ರೂಫ್ ಮಾತ್ರ ನೀವೇ ನೋಡಿಕೊಡಬೇಕು, ಅಕ್ಷರ ಅಕ್ಷರ!

ಸಿರಿಗನ್ನಡಂ ಗೆಲ್ಗೆ!